ಶಿವಬಸವ್ವನ ನೂರಾ ಅರವತ್ತು ತಾಟು

ಕಾಗದದ್ದು ಅಂತ ಹೇಳಿ ಪ್ಲಾಸ್ಟಿಕ್ ಬಳಿದ ತಾಟಿನಲ್ಲಿ ಉಣಿಸುವುದು, ಆಮೇಲೆ ಅದನ್ನು ಗಟಾರಕ್ಕೆ ಎಸೆಯುವುದು: ನಮ್ಮಲ್ಲೀಗ ಇದಕ್ಕೇ ಮರ್ಯಾದೆ ಎನ್ನುತ್ತಾರೆ. ಈ ಮರ್ಯಾದೆಯೊಂದಿಗೆ ಮಹಾಂತೇಶ ನಗರದ ಶಿವಬಸವ್ವನದು ಇಪ್ಪತ್ತು ವರ್ಷದ ಜಗಳ. ತನ್ನ ಮನೆಯ ಗೃಹಪ್ರವೇಶಕ್ಕೆ ಬಂದವರು ತಂದ ಗೋಡೆ ಗಡಿಯಾರಗಳನ್ನು ಆಕೆ ಮುಟ್ಟಲಿಲ್ಲ. "ಕೊಡೂದಾದ್ರ ಒಂದು ಸ್ಟೀಲ್ ತಾಟು ಕೊಡ್ರಿ" ಎಂದಳು. ಹಾಗೆ ಕೂಡುತ್ತ ಹೋದ ನೂರಾ ಅರವತ್ತು ತಾಟು ಓಣಿಯ ಕಾರ್ಯಗಳಿಗೆ ಪುಕ್ಕಟೆ ಹೋಗುತ್ತವೆ. ತೊಳೆದು ತಂದರೆ ಸಾಕು.

ಈ ಬೇಸಿಗೆ ಯಾರೂ ಒಯ್ಯಲಿಲ್ಲ. ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಮಚ್ಛೆಯ ಕಾರ್ಖಾನೆಯಲ್ಲಿ ದುಡಿಯುವ ಮಗ ಗೌರೀಶ ರೇಗಿದ.

"ಯವ್ವಾ, ಕುಡ್ಯಾಕ ನೀರಿಲ್ಲ, ತಾಟು ಹೆಂಗ ತೊಳೀತಿ? ಐತವಾರ ಬಾಜೂ ಮನಿ ಸಾಕ್ಷಿ ಮಗಳ ತೊಟ್ಟಿಲ ಕಾರ್ಯ ಐತಿ. ಒಂದು ಬ್ಯಾರಲ್ ನೀರು ತುಂಬಿಸಿ ಕೊಡ್ತೀನಿ. ಅಷ್ಟರಾಗ ತೊಳದು ಮುಗೀಲಿಲ್ಲಂದ್ರ ಸೋಮವಾರ ಎಲ್ಲಾ ಗುಜರಿಗೆ."

ಮಗನ ಮಾತು ತಪ್ಪೆನ್ನಲಾರೆ. ನೀರಿಲ್ಲದ ಊರಿನಲ್ಲಿ ಕಸವೇ ಸುಲಭ.

ಐತವಾರ ಮೊದಲ ಪಂಕ್ತಿಯಲ್ಲೇ ಶಿವಬಸವ್ವ ಕುಳಿತಳು. ಉಂಡು, ಬೆರಳಿನಿಂದ ಬಳಿದು, ತಾಟಿಗೆ ಲೋಟದ ನೀರು ಸುರಿದು ಅಲುಗಿಸಿ ಕುಡಿದುಬಿಟ್ಟಳು. ಉಣ್ಣುವುದನ್ನು ಪ್ರಸಾದವೆಂದು ತಿಳಿದವರ ಹಳೆಯ ರೂಢಿ ಅದು. ಎದುರಿಗಿದ್ದ ಸಾಕ್ಷಿಯ ತಮ್ಮ ಅನಿಕೇತ ಮುಖ ಸಿಂಡರಿಸಿದ.

"ಆಯಿ, ಮುಸುರಿ ನೀರು ಕುಡೀತಿಯಲ್ಲ?"

"ನನ್ನ ತಾಟು, ನನ್ನ ಎಂಜಲ. ನಿಂದು ಕೇಳಿದಿನೇನು?"

ಬಾಜೂ ಇದ್ದ ಜಂಗಮ ಹಿರಿಯ ಬಸಯ್ಯನವರೂ ನಗುತ್ತ ತಮ್ಮ ತಾಟಿಗೆ ನೀರು ಸುರಿದುಕೊಂಡರು. "ನಾವೂ ಹಿಂಗ ಮಾಡತಿದ್ವಿ ನೋಡವ್ವಾ. ಷಹರಕ್ಕ ಬಂದು ನಾಚಿಕಿ ಕಲಿತ್ವಿ."

ಎಲ್ಲರೇನೂ ಕುಡಿಯಲಿಲ್ಲ. ಅರ್ಧ ಪಂಕ್ತಿ ನಕ್ಕಿತು. ಆದರೆ ಅನ್ನ ಬಿಟ್ಟು ಏಳಲು ಜನಕ್ಕೆ ಮುಜುಗರವಾಯಿತು. ಅನಿಕೇತ ರೊಟ್ಟಿ ಚೂರಿನಿಂದ ತಾಟು ಒರೆಸಿ ಬಾಯಿಗೆ ಹಾಕಿಕೊಂಡ.

"ಇದು ನಡೀತೈತೇನ, ಆಯಿ?"

"ಓಡತೈತಿ."

ಸಂಜೆ ಬೂದಿ ಹಚ್ಚಿ ಅಷ್ಟೂ ತಾಟು ತೊಳೆದಾದ ಮೇಲೂ ಬ್ಯಾರಲ್ಲಿನಲ್ಲಿ ಎರಡು ಕೊಡ ನೀರು ಉಳಿದಿತ್ತು. ಗೌರೀಶ ಕೈ ಅದ್ದಿ ನೋಡಿದ.

ಸೋಮವಾರ ತಾಟುಗಳು ಟೆಂಪೋ ಹತ್ತಿದ್ದು ಖರೆ, ಗುಜರಿಗಲ್ಲ. ಊಟಕ್ಕೆ ಬಂದಿದ್ದ ಖಾನಾಪುರದ ಗುರುಸಿದ್ದ ತನ್ನ ಮಗಳ ಮದುವೆಗೆ ಅವನ್ನು ಕೇಳಿದ್ದ. ಗೌರೀಶನೇ ಹೊತ್ತು ಹಾಕಿದ.

"ಗುರುಸಿದ್ದಾ, ಬಾಜೂಕ ಹೊಳಿ ಐತಿ ಅಂತ ಅದರಾಗ ತೊಳೀಬ್ಯಾಡ ಮತ್ತ" ಎಂದಳು ಶಿವಬಸವ್ವ.

"ಇಲ್ಲಬೇ, ನಾನೂ ಒಂದ ಬ್ಯಾರಲ್ ಇಡತೀನಿ."