ಹುಳುಮನೆ ಜಗಲಿಯ ವಾಷಿಂಗ್ ಮಿಷಿನ್

ಆ ವಾಷಿಂಗ್ ಮಿಷಿನ್ ನನ್ನ ಮದುವೆಯಲ್ಲಿ ಹೆಂಡತಿಯ ತವರಿನವರು ಕೊಟ್ಟದ್ದು. ಮೇಲಿನಿಂದ ಬಟ್ಟೆ ಹಾಕುವಂಥದು. ಒಂಬತ್ತು ವರ್ಷ ಮನೆಯೊಳಗೆ ಬಚ್ಚಲ ಪಕ್ಕದಲ್ಲಿತ್ತು. ಆಮೇಲೆ ಹುಳುಮನೆಯ ಜಗಲಿಗೆ ಹೋಯಿತು. ಯಾಕೆ ಹೋಯಿತೆಂದು ಮೊದಲು ಹೇಳಬೇಕು. ಈಗ ಈ ಕತೆಯನ್ನು ಹೇಳುವವರೆಲ್ಲ ಆ ಭಾಗವನ್ನು ಬಿಟ್ಟು ಹೇಳುತ್ತಾರೆ.

ನಮ್ಮೂರು ಜಂಗಮಕೋಟೆಯಿಂದ ಸ್ವಲ್ಪ ಒಳಗೆ. ಅಣ್ಣ, ಅತ್ತಿಗೆ ರೇಷ್ಮೆ ಹುಳು ಸಾಕುತ್ತಾರೆ. ನಾನು ಚಿಕ್ಕಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಮನೆಗೂ ಹುಳುಮನೆಗೂ ನಡುವೆ ಒಂದು ಅಂಗಳ.

ಒಂದು ಸಲ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಹೋಯಿತು. ಹುಳುಗಳು ಊದಿಕೊಂಡು, ಹಾಲಿನಂಥ ನೀರು ಸುರಿಸುತ್ತ, ತಟ್ಟೆಗಳ ಅಂಚಿನಲ್ಲಿ ನೇತಾಡಿ ಸತ್ತವು. ಅವನ್ನೆಲ್ಲ ಗುಂಡಿಗೆ ಹಾಕಿ, ಸುಣ್ಣ ಸುರಿದು ಮುಚ್ಚಿದ ದಿನದಿಂದ ಅತ್ತಿಗೆ ಒಂದು ಕಟ್ಟುನಿಟ್ಟು ತಂದರು. ಹುಳುಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿರುತ್ತದೆ. ಅದರ ಮೇಲೆ ಎರಡೂ ಪಾದ ಒತ್ತಿ ಒಳಗೆ ಹೋಗಬೇಕು, ಒತ್ತಿಯೇ ಹೊರಗೆ ಬರಬೇಕು. ಒಳಗೆ ಉಟ್ಟ ಬಟ್ಟೆಯನ್ನು ಜಗಲಿಯಲ್ಲೇ ಒಗೆಯಬೇಕು, ಮನೆಗೆ ತರಬಾರದು. ಹುಳು ಸಾಕುವವರೆಲ್ಲ ಹೀಗೆ ಮಾಡಬೇಕು ಅನ್ನುತ್ತಾರೆ. ಅತ್ತಿಗೆ ಮಾಡಿಸಿದರು. ಆಮೇಲೆ ನಮ್ಮ ಬೆಳೆ ಕೆಟ್ಟಿಲ್ಲ.

ಹಾಗೆ ಮಿಷಿನ್ ಜಗಲಿಗೆ ಬಂತು. ಹುಳುಮನೆಯ ಲೈಟಿನ ಬೋರ್ಡಿನಿಂದ ಒಂದು ವೈರು ಎಳೆದು, ಅದರ ತುದಿಗೆ ಪ್ಲಗ್ ಬಾಕ್ಸ್ ಕಟ್ಟಿ, ಅಣ್ಣನೇ ಹಾಕಿದ. ಗೋಣಿಚೀಲಕ್ಕೂ ಮಿಷಿನ್‌ಗೂ ಒಂದೂವರೆ ಹೆಜ್ಜೆ ದೂರ. ಆಮೇಲೆ ನಾನು ಅಳೆದು ನೋಡಿದ್ದೇನೆ.

ನಮ್ಮ ಬೋರ್‌ವೆಲ್ ನೀರು ಪಾತ್ರೆಯಲ್ಲಿ ಒಂದು ದಿನ ನಿಂತರೆ ಬಿಳಿ ಪೊರೆ ಕಟ್ಟುತ್ತದೆ. ಮೂರು ವರ್ಷದಲ್ಲಿ ಆ ನೀರು ಮಿಷಿನ್ನನ್ನು ತಿಂದುಹಾಕಿತು. ಬಟ್ಟೆ ಹಿಂಡುವಾಗ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡತೊಡಗಿತು. ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಮುಟ್ಟಿದರೆ ಜುಮ್ ಅನ್ನಲು ಶುರುವಾಯಿತು.

ಮೊದಲು ಹೇಳಿದವರು ಅತ್ತಿಗೆ. ಅವರ ತವರು ಚಿಂತಾಮಣಿಯ ಆಚೆ, ಬೆಚ್ಚಿದಾಗ ಬಾಯಿಗೆ ತೆಲುಗೇ ಬರುತ್ತದೆ. "ಅಮ್ಮೋ, ಪಟ್ಟುಕುಂದಿ!" ಎಂದು ಕೈ ಕೊಡವಿಕೊಂಡು ಬಂದರು. ಹಿಡ್ಕೊಂಡುಬಿಡ್ತು ಎಂದು. ನಾವು ನಕ್ಕೆವು. ನಕ್ಕದ್ದಕ್ಕೆ ಅವರು ಅದನ್ನೇ ಒಂದು ಆಟ ಮಾಡಿಕೊಂಡರು. ಊಟಕ್ಕೆ ಕೂತಾಗ ಭುಜ ಅದುರಿಸಿ, ಕಣ್ಣು ತಿರುಗಿಸಿ, "ಪಟ್ಟುಕುಂದಿ, ಪಟ್ಟುಕುಂದಿ" ಎನ್ನುತ್ತಿದ್ದರು. ನನ್ನ ಹೆಂಡತಿಗೆ ನಕ್ಕು ನಕ್ಕು ನೆತ್ತಿಗೆ ಹತ್ತುತ್ತಿತ್ತು.

ಶಿಡ್ಲಘಟ್ಟದಿಂದ ಮೆಕ್ಯಾನಿಕ್ ಸಾಬರೊಬ್ಬರನ್ನು ಕರೆಸಿದೆವು. ರೇಷ್ಮೆ ನೂಲು ತೆಗೆಯುವ ಘಟಕಗಳ ಮೋಟಾರು ರಿಪೇರಿ ಮಾಡಿ ಪಳಗಿದವರು, ವಯಸ್ಸಾದವರು. ಹಿಂಬದಿಯ ತಗಡು ಬಿಚ್ಚಿ ಒಳಗೆ ನೋಡಿದರು.

"ಅಮ್ಮಾ, ಇದು ವಾಷಿಂಗ್ ಮಿಷಿನ್ ಅಲ್ಲ, ಉಪ್ಪಿನ ಗೋಡೌನು."

"ಬರೀ ಉಪ್ಪಲ್ಲ ಭಾಯ್, ಖಾರಾನೂ ಐತೆ. ಮುಟ್ಟಿ ನೋಡಿ," ಎಂದರು ಅತ್ತಿಗೆ.

ಸಾಬರು ನಗುತ್ತಲೇ ಜೇಬಿನಿಂದ ಟೆಸ್ಟರ್ ತೆಗೆದು ಮಿಷಿನ್ನಿನ ಮೈಗೆ ಇಟ್ಟರು. ಅದರ ದೀಪ ಹತ್ತಿತು. ಅವರ ನಗು ನಿಂತಿತು. ಪ್ಲಗ್ ಕಿತ್ತರು. ಬೋರ್ಡಿನವರೆಗೆ ವೈರನ್ನು ಕೈಯಲ್ಲಿ ಹಿಡಿದು ನೋಡುತ್ತ ಹೋದರು, ವಾಪಸು ಬಂದರು.

"ಎರಡು ಮಾತು ಹೇಳ್ತೀನಿ ಸಾರ್. ಡ್ರಮ್ ಕೆಳಗಿನ ಸೀಲ್ ಹೋಗಿದೆ, ನೀರು ಮೋಟಾರ್ ಮೇಲೆ ಬೀಳ್ತಾ ಇದೆ. ಸೀಲು, ಬೇರಿಂಗು ಹಾಕಿದ್ರೆ ಇನ್ನೆರಡು ವರ್ಷ ಓಡುತ್ತೆ. ಹಾಕಿಸ್ತೀರೋ ಹೊಸಾದು ತರ್ತೀರೋ, ಅದು ನಿಮ್ಮಿಷ್ಟ. ಇನ್ನೊಂದು ಮಾತು, ಇಲ್ಲಿ ಅರ್ಥಿಂಗೇ ಇಲ್ಲ. ಗುಂಡಿ ತೋಡಿ ಅರ್ಥ್ ಹಾಕ್ಸಿ. ಹಳೇದಿಟ್ರೂ ಬೇಕು, ಹೊಸಾದು ತಂದ್ರೂ ಬೇಕು. ಅಲ್ಲೀವರ್ಗೂ ಈ ಪ್ಲಗ್ ಹಾಕ್ಬೇಡಿ."

ಅವರು ಹೇಳಿದ್ದು ಇಷ್ಟು. ಅಣ್ಣ, ನಾನು, ಅತ್ತಿಗೆ, ನನ್ನ ಹೆಂಡತಿ ನಾಲ್ವರೂ ಅಲ್ಲೇ ನಿಂತಿದ್ದೆವು.

ಸಾಬರ ಸ್ಕೂಟರ್ ತಿರುವು ದಾಟುವ ಮೊದಲೇ ಅಣ್ಣ ಹೇಳಿದ, "ನೋಡ್ದಾ, ರಿಪೇರಿ ಮಾಡಿದ್ರೆ ಓಡುತ್ತಂತೆ."

"ಎರಡೇ ವರ್ಷ ಅಂದ್ರಲ್ಲ," ಎಂದೆ.

ಆಮೇಲಿನ ಐದು ವಾರ ನಾವಿಬ್ಬರೂ ಇದನ್ನೇ ಮಾತಾಡಿದೆವು. ನನಗೆ ಹೊಸದು ಬೇಕಿತ್ತು. ಹೊಸದು ಬಂದರೆ ಮನೆಯೊಳಗೆ ಇಡಿಸಬಹುದು, ಹುಳುವಿನ ಬಟ್ಟೆಗೆ ಬೇರೆ ಏನಾದರೂ ನೋಡಿಕೊಳ್ಳಲಿ ಎಂಬುದು ನನ್ನ ಲೆಕ್ಕ. ತನ್ನ ಮಿಷಿನ್ನನ್ನು ತನ್ನನ್ನು ಒಂದು ಮಾತೂ ಕೇಳದೆ ಜಗಲಿಗೆ ಸಾಗಿಸಿದ್ದು ಹೆಂಡತಿಗೆ ಒಳಗೇ ಕುದಿಯುತ್ತಿತ್ತು. ಅಣ್ಣನಿಗೆ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ ರಿಪೇರಿ ಎಂದು ಪಟ್ಟು ಹಿಡಿದ.

"ನಿನ್ ಮಾವ ಕೊಟ್ಟ ಮಿಷಿನ್ ಗಟ್ಟಿ ಐತೆ ಅಂತ ಹೊಗಳ್ತಿದೀನಿ ಕಣೋ. ಅದಕ್ಕೂ ಸಿಟ್ಟು ಮಾಡ್ಕೊತೀಯಲ್ಲ."

"ಹನ್ನೆರಡು ವರ್ಷದ ಮಿಷಿನ್‌ಗೆ ಇನ್ನೇನಣ್ಣ ಶೃಂಗಾರ ಮಾಡ್ತೀಯ?"

ಅತ್ತಿಗೆ ಒಂದು ಬೆಳಿಗ್ಗೆ ತಿಂಡಿ ಬಡಿಸುತ್ತ ಹೇಳಿದ ಮಾತು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. "ನೀವಿಬ್ರೂ ತೀರ್ಮಾನ ಮಾಡೋ ಹೊತ್ಗೆ ನಾನೇ ಹಳೇದಾಗಿರ್ತೀನಿ. ಮೊದ್ಲು ಆ ಗುಂಡಿ ತೋಡ್ಬಿಡ್ರಪ್ಪ. ಆಮೇಲೆ ಎಷ್ಟ್ ಬೇಕಾದ್ರೂ ಕಿತ್ತಾಡಿ."

ಅಣ್ಣ ಎಂದ, "ಎಲ್ಲಿ ಇಡೋದು ಅಂತ ಆಗ್ಲಿ ಕಣೇ, ಆಮೇಲೆ ತೋಡಣ."

ನಾನೂ ಎಂದೆ, "ಹೌದು ಅತ್ಗೆ, ಹೊಸಾದು ಮನೆ ಒಳಗೆ ಇಟ್ರೆ ಇಲ್ಲಿ ತೋಡಿದ್ದು ದಂಡ."

ಆ ಐದು ವಾರದಲ್ಲಿ ಅಣ್ಣ ತಮ್ಮ ಒಪ್ಪಿಕೊಂಡ ಒಂದೇ ಮಾತು ಇದು. ಸಾಬರು ಎರಡು ಸಲ ಫೋನ್ ಮಾಡಿದರು. ತೀರ್ಮಾನ ಮಾಡಿ ಹೇಳ್ತೀವಿ ಎಂದು ಎರಡು ಸಲವೂ ನಾನೇ ಹೇಳಿದೆ.

ಅಷ್ಟರಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿನ ಹಸಿವಿಗೆ ಕೊನೆಯಿಲ್ಲ. ಸೊಪ್ಪು ತರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ದಿನಕ್ಕೆ ನಾಲ್ಕು ಜೊತೆ ಬಟ್ಟೆ ರಾಶಿ ಬೀಳುತ್ತಿತ್ತು. ಅಲ್ಲಿಯವರೆಗಿನ ಹಾಗೆ ಇದನ್ನೂ ಎರಡು ದಿನ ಅತ್ತಿಗೆ ಕಲ್ಲಿನ ಮೇಲೆಯೇ ಒಗೆದರು. ಮೂರನೇ ದಿನ ಅಣ್ಣ ಪ್ಲಗ್ ಸಿಕ್ಕಿಸಿದ.

"ಚಪ್ಪಲಿ ಹಾಕ್ಕೊಂಡು ಒಣಗಿದ ಕೈಯಲ್ಲಿ ಮುಟ್ರಿ. ಏನೂ ಆಗಲ್ಲ," ಎಂದ.

ನಾನು ಪಕ್ಕದಲ್ಲೇ ಇದ್ದೆ. ಏನೂ ಹೇಳಲಿಲ್ಲ.

ಅದಾದ ಎರಡನೇ ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೆ. ಮನೆ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದೆ. ಎದುರಿಗೆ ಹುಳುಮನೆಯ ಬಾಗಿಲು. ಅತ್ತಿಗೆ ಹೊರಗೆ ಬಂದರು. ಗೋಣಿಚೀಲದ ಮೇಲೆ ಬಲಗಾಲು ಒತ್ತಿದರು, ಎಡಗಾಲು ಒತ್ತಿದರು. ಮಿಷಿನ್ ಆಗಷ್ಟೇ ತಿರುಗಿ ನಿಂತಿತ್ತು. ಮುಚ್ಚಳ ಎತ್ತಿ, ಬಟ್ಟೆ ತೆಗೆಯಲು ಬಲಗೈಯನ್ನು ಒಳಗೆ ಇಳಿಸಿದರು.

ಅವರ ಭುಜ ಅದುರಿತು. ಕಣ್ಣು ಮೇಲಾಯಿತು.

ನಾನು ನಕ್ಕೆ.

ದಿನವೂ ಊಟದ ಹೊತ್ತಿಗೆ ಮಾಡಿ ತೋರಿಸುತ್ತಿದ್ದ ಅದೇ ಭುಜ, ಅದೇ ಕಣ್ಣು. ನಕ್ಕು ತಲೆ ತಗ್ಗಿಸಿ ಲೇಸಿನ ಗಂಟು ಬಿಗಿದೆ. ಬಿಗಿದದ್ದು ಚೆನ್ನಾಗಿ ನೆನಪಿದೆ. ಆಮೇಲೆ ಹೊಳೆಯಿತು: ಆಟದಲ್ಲಿ ಅವರು ಸದ್ದು ಮಾಡುತ್ತಿದ್ದರು, ಈಗ ಸದ್ದಿಲ್ಲ. ತಲೆ ಎತ್ತಿದರೆ ಇನ್ನೂ ಹಾಗೇ ನಿಂತಿದ್ದಾರೆ. ಅಂಗಳ ಓಡಿ ದಾಟಿ ಸ್ವಿಚ್ ಆರಿಸಿದೆ. ಮಿಷಿನ್ ಅವರನ್ನು ಬಿಟ್ಟಿತು. ಜಗಲಿಯ ಕಲ್ಲಿನ ಅಂಚಿಗೆ ಬಲಭುಜ ಬಡಿದು ಬಿದ್ದರು.

ಒಂದು ಲೇಸು ಕಟ್ಟಲು ಎಷ್ಟು ಹೊತ್ತು ಬೇಕೆಂದು ಆಮೇಲೆ ಎಷ್ಟೋ ಸಲ ನೋಡಿಕೊಂಡಿದ್ದೇನೆ. ಪ್ರತಿ ಸಲವೂ ಬೇರೆ ಬೇರೆ ಬರುತ್ತದೆ. ಚಿಕ್ಕದಂತೂ ಅಲ್ಲ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಕರೆಂಟ್ ಎಷ್ಟು ಹೊತ್ತು ಹಿಡಿದಿತ್ತು?"

"ತಕ್ಷಣ ಬಿಡಿಸಿದ್ವಿ ಸಾರ್," ಎಂದ ಅಣ್ಣ. ಆಗ ಅವನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ. ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ.

ಜೀವ ಉಳಿಯಿತು. ಅಂಗೈ ಸುಟ್ಟಿತ್ತು, ಭುಜದ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಿಂದ ಅವರು ಬರುವ ಮೊದಲೇ ಹೊಸ ಮಿಷಿನ್ ಬಂತು. ರಿಪೇರಿಯೋ ಹೊಸದೋ ಎಂದು ಯಾರೂ ಕೇಳಲಿಲ್ಲ. ಅದನ್ನು ಅದೇ ಜಗಲಿಯಲ್ಲಿ ಇಟ್ಟೆವು. ಸಾಬರೇ ಬಂದು ನಿಂತು ಗುಂಡಿ ತೋಡಿಸಿದರು. ಪೈಪು, ಇದ್ದಿಲು, ಉಪ್ಪು. ಅಣ್ಣ ಹಾರೆ ಹಿಡಿದ, ನಾನು ಮಣ್ಣು ಎತ್ತಿದೆ. ತಿಂಡಿ ತಿಂದು ಶುರು ಮಾಡಿದ್ದು, ಊಟದ ಹೊತ್ತಿಗೆ ಮುಗಿದಿತ್ತು. ಸಾಬರು ಅವತ್ತು ಒಂದು ತಮಾಷೆಯನ್ನೂ ಆಡಲಿಲ್ಲ. ಅತ್ತಿಗೆ ಹೇಗಿದ್ದಾರೆಂದು ನನ್ನ ಹೆಂಡತಿಯನ್ನು ಕೇಳಿದರು, ನಮ್ಮಿಬ್ಬರನ್ನು ಕೇಳಲಿಲ್ಲ.

ಅತ್ತಿಗೆಯ ಬಲಗೈ ಈಗ ಎದೆಯ ಮಟ್ಟ ದಾಟಿ ಏಳುವುದಿಲ್ಲ. ಹುಳುಮನೆಯಲ್ಲಿ ಐದು ಸಾಲು ತಟ್ಟೆ. ಮೇಲಿನ ಎರಡು ಸಾಲು ಅವರಿಗೆ ಎಟಕುವುದಿಲ್ಲ. ಸೊಪ್ಪು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಯ ಹುಳು ಮಂಕಾಗಿದೆ ಎಂದು ಹೇಳುತ್ತಿದ್ದವರು ಅವರು. ಈಗ ಕೆಳಗೆ ನಿಂತು, "ಮೇಲ್ಗಡೆ ಎರಡ್ನೇದು ನೋಡಮ್ಮ," ಎಂದು ನನ್ನ ಹೆಂಡತಿಗೆ ಹೇಳುತ್ತಾರೆ. ಅವಳು ನೋಡಿ, "ಚೆನ್ನಾಗೇ ಇದಾವಲ್ಲ ಅಕ್ಕ," ಎನ್ನುತ್ತಾಳೆ. ಅವಳಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಅತ್ತಿಗೆಗೆ ಹತ್ತಿ ನೋಡಲು ಆಗುವುದಿಲ್ಲ.

ಕೈಯ ಕಟ್ಟು ಬಿಚ್ಚಿದ ಮೇಲೆ ಮಂಚೇನಹಳ್ಳಿಯಿಂದ ಚಿಕ್ಕಪ್ಪ, ಚಿಕ್ಕಮ್ಮ ನೋಡಲು ಬಂದರು. ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದೆವು.

"ಅಲ್ಲಮ್ಮ, ಕರೆಂಟಿನ ಸಾಮಾನು, ಚಪ್ಪಲಿ ಹಾಕ್ಕೊಂಡು ಮುಟ್ಟೋದಲ್ವಾ?" ಎಂದರು ಚಿಕ್ಕಪ್ಪ.

ಅತ್ತಿಗೆ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ, "ಹೇಳಿದ್ದೆ ಚಿಕ್ಕಪ್ಪ. ಮರ್ತ್ಬಿಟ್ಳು."

ಅತ್ತಿಗೆ ಲೋಟ ಕೆಳಗಿಟ್ಟರು. "ಹುಳುಮನೆಯಿಂದ ಚಪ್ಪಲಿ ಹಾಕ್ಕೊಂಡು ಬರೋರು ಯಾರು?"

"ಹೊರಗೆ ಬಂದ್ಮೇಲೆ ಹಾಕ್ಕೋಬಹುದಿತ್ತಲ್ಲ ಕಣೇ."

"ಎಲ್ಲಿತ್ತು ಚಪ್ಪಲಿ? ಅಂಗಳದಾಚೆ ಮೆಟ್ಟಿಲ ಹತ್ರ. ಬಾಗ್ಲಲ್ಲಿ ಚಪ್ಪಲಿ ಬಿಡಬಾರ್ದು, ಅದೂ ನಮ್ಮನೆ ರೂಲ್ಸೇ. ಬ್ಲೀಚಿಂಗ್ ನೀರು ತುಳಿದು ಬಂದ್ರೆ ಪಕ್ದಲ್ಲೇ ಮಿಷಿನ್. ಅದನ್ನ ಅಲ್ಲಿ ಇಟ್ಟೋರು ನೀವು. ಪ್ಲಗ್ ಹಾಕ್ದೋರು ನೀವು."

ಅಣ್ಣ ಗೋಡೆ ನೋಡಿದ. ಅತ್ತಿಗೆ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದರು. "ನೀನು ಎದುರಿಗೇ ಕೂತಿದ್ಯಲ್ಲಪ್ಪ. ನೋಡ್ದಲ್ಲ. ಹೇಳು ಚಿಕ್ಕಪ್ಪಂಗೆ, ನಾನು ಮರ್ತೆನಾ?"

ಹೇಳಲು ನನ್ನ ಹತ್ತಿರ ಎಲ್ಲವೂ ಇತ್ತು. ಸಾಬರ ಎರಡು ಮಾತು, ತೋಡದ ಗುಂಡಿ, ನಮ್ಮ ಒಪ್ಪಂದ, ಒಂದೂವರೆ ಹೆಜ್ಜೆ, ಲೇಸು. ಒಂದು ಹೇಳಿದರೆ ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತಿತ್ತು. ನಕ್ಕದ್ದೂ ಬರುತ್ತಿತ್ತು.

"ಆಗಿದ್ದಾಯ್ತು ಬಿಡಿ ಅತ್ಗೆ," ಎಂದೆ. "ಈಗ ಯಾಕೆ ಅದೆಲ್ಲ."

"ಹೌದು ಬಿಡಮ್ಮ, ಜೀವ ಉಳೀತಲ್ಲ, ಅಷ್ಟೇ ಸಾಕು," ಎಂದರು ಚಿಕ್ಕಮ್ಮ. ಆಮೇಲೆ, ತಾವು ಬಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ ಎಂಬ ಮಾತು ಬಂತು. ಅತ್ತಿಗೆ ಎದ್ದು ಎಡಗೈಯಲ್ಲಿ ಲೋಟ ಎತ್ತತೊಡಗಿದರು. ನಾನು ಕೈ ಚಾಚಿದೆ. "ಬೇಡ, ಕೂತ್ಕೋ," ಎಂದರು.

ಚಿಕ್ಕಪ್ಪ ಹೇಳಿದ ಕತೆ ಗೌರಿಬಿದನೂರಿನ ನೆಂಟರವರೆಗೂ ಹೋಯಿತು. ಅಲ್ಲಿಂದ ಚಿಂತಾಮಣಿಗೆ, ಅತ್ತಿಗೆಯ ತವರಿಗೂ ತಲುಪಿತು. ಹೋದ ತಿಂಗಳು ಅಲ್ಲೊಂದು ಮದುವೆಗೆ ಹೋಗಿದ್ದೆವು. ಅಡುಗೆಮನೆಯಲ್ಲಿ ಮಿಕ್ಸಿ ಮುಟ್ಟಲು ಹೋದ ಹುಡುಗಿಯೊಬ್ಬಳಿಗೆ ಅತ್ತಿಗೆಯ ಸ್ವಂತ ದೊಡ್ಡಮ್ಮ ಹೇಳುತ್ತಿದ್ದರು, "ಚಪ್ಪಲಿ ಹಾಕ್ಕೊಳ್ಳೇ. ನಮ್ಮುಡುಗಿ ಹಂಗೆ ಮರ್ತು ಕೈ ಕಳ್ಕೊಂಡ್ಬಿಟ್ಟೀಯ." ಅತ್ತಿಗೆ ಅಲ್ಲೇ ಕೂತು ಎಡಗೈಯಲ್ಲಿ ಹೂವು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡಲೂ ಇಲ್ಲ.

ಅವರು ಏನನ್ನೂ ಮರೆತಿರಲಿಲ್ಲ. ನಾನು ನೋಡಿದ್ದೆ.