ಉಸಿರು ಕಟ್ಟಿ ಹೊಡೆದ ಸ್ಪ್ರೇ

ಬಾಳ್ಳುಪೇಟೆಯಿಂದ ಒಳಗಿರುವ ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳಿಗೆ ಈಗಷ್ಟೇ ಬೆಳಕು ಬರುತ್ತಿದೆ. ಕೆಲಸದ ಗಂಟೆಗೆ ಮೊದಲೇ ಡೊರಿನ್ ಸಿಸ್ಟರ್ ಸ್ಕೂಟರ್ ನಿಲ್ಲಿಸಿ ಮಾದಮ್ಮನ ಜಗಲಿಯಲ್ಲಿ ಕೂತಿದ್ದಾರೆ. "ಪಂಪ್ ತನ್ನಿ ಮಾದಮ್ಮ, ನನ್ನೆದುರು ಎಳೀರಿ."

ಮಾದಮ್ಮ ಉಸಿರು ಹೊರಬಿಟ್ಟು, ದಮ್ಮಿನ ಪಂಪನ್ನು ತುಟಿಗಿಟ್ಟು ಒತ್ತಿ, ನಿಧಾನವಾಗಿ ಒಳಗೆಳೆಯುತ್ತಾರೆ. ಇಷ್ಟೇ ಕೆಲಸ. ಏಳು ವರ್ಷ ಇದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಐವತ್ತೊಂಬತ್ತರ ಡೊರಿನ್ ನರ್ಸ್ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿ ಕೂರಲಿಲ್ಲ. ವಾರಕ್ಕೆ ಐದು ಲೈನ್ ಸುತ್ತುತ್ತಾರೆ. 'ಔಷಧಕ್ಕೆ ಬಗ್ಗದ ಅಸ್ತಮಾ' ಎಂದು ಚೀಟಿ ಬರೆಸಿಕೊಂಡ ಇಪ್ಪತ್ಮೂರು ಜನ ಅವರ ಪುಸ್ತಕದಲ್ಲಿದ್ದಾರೆ. ಹದಿನಾಲ್ಕು ಜನ ಪಂಪ್ ಎಳೆಯುತ್ತಿದ್ದುದೇ ತಪ್ಪು. "ಔಷಧ ಒಳಗೇ ಹೋಗ್ಲಿಲ್ಲ, ಮತ್ತೆ ಬಗ್ಗೋದೆಲ್ಲಿಂದ?" ಎನ್ನುವಾಗ ಅವರ ದನಿ ಗಡುಸಾಗುತ್ತದೆ. ಉಳಿದ ಒಂಬತ್ತು ಜನ ಸರಿಯಾಗಿ ಎಳೆದರೂ ಏದುತ್ತಾರೆ; ಅವರಿಗೆ ದೊಡ್ಡಾಸ್ಪತ್ರೆಯ ಪರೀಕ್ಷೆ ಬೇಕು. ಎರಡೂ ಗುಂಪಿಗೆ ಒಂದೇ ಚೀಟಿ ಕೊಟ್ಟು ಕೈತೊಳೆದುಕೊಂಡವರನ್ನು ಡೊರಿನ್ ಕ್ಷಮಿಸುವುದಿಲ್ಲ.

ಮಾದಮ್ಮನ ಕತೆ ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಡಾಕ್ಟರು ಪಂಪ್ ಬರೆದುಕೊಟ್ಟು, ತಲೆ ಎತ್ತದೆ "ಸ್ಪ್ರೇ ಹೊಡ್ಕೊಳ್ಳಿ" ಎಂದು ಕಳಿಸಿದ್ದರು. ಎಸ್ಟೇಟಿನಲ್ಲಿ ಸ್ಪ್ರೇ ಅಂದರೆ ಕಾಫಿ ಗಿಡಕ್ಕೆ ಹೊಡೆಯುವ ಔಷಧಿ. ಅದನ್ನು ಹೊಡೆಯುವಾಗ ಉಸಿರೆಳೆಯಬಾರದು ಎಂದು ಆಳುಗಳ ಮೇಲ್ವಿಚಾರಣೆಯ ರೈಟರ್ ಮೂವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದಾರೆ.

"ಉಸ್ರು ಬಿಗಿ ಹಿಡ್ದು ಬಾಯಿಗೆ ಹೊಡ್ಕತಿದ್ದೆ ಕಣ್ರೀ," ಎನ್ನುತ್ತಾರೆ ಮಾದಮ್ಮ. "ಆಮೇಲೆ ಮುಕ್ಕಳ್ಸಿ ಉಗುದ್ಬುಡ್ತಿದ್ದೆ. ಸ್ಪ್ರೇ ಒಳಿಕ್ಕೆ ಹೋಗ್ಬಾರ್ದಲ್ಲ."

ದಮ್ಮು ಇಳಿಯಲಿಲ್ಲ. ಡಾಕ್ಟರು ಸ್ಟಿರಾಯ್ಡ್ ಮಾತ್ರೆ ಏರಿಸುತ್ತಲೇ ಹೋದರು. ಮುಖ ಊದಿತು, ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಕೊನೆಗೆ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿತು: 'ರೋಗಿ ಹೇಳಿದ ಮಾತು ಕೇಳುವುದಿಲ್ಲ.'

ಆ ಸಾಲು ಓದಿದ ದಿನ ಡೊರಿನ್ ರಾತ್ರಿ ಊಟ ಮಾಡಲಿಲ್ಲವಂತೆ. ಪಂಪ್ ಎಳೆಯುವುದನ್ನು ಕಲಿಸಿದರು. ಕಾಫಿ ಸ್ಟೋರಿನಲ್ಲಿ ಕೆಲಸಕ್ಕಿದ್ದ ಮಾದಮ್ಮನನ್ನು ಅಲ್ಲಿನ ಧೂಳಿನಿಂದ ಬಿಡಿಸಲು ರೈಟರ್ ಹತ್ತಿರ ಮೂರು ಸಲ ಜಗಳವಾಡಿ ಸಸಿಗಳ ನರ್ಸರಿ ಕೆಲಸಕ್ಕೆ ಹಾಕಿಸಿದರು. ಈಗ ಡಾಕ್ಟರು ಮಾತ್ರೆಯನ್ನೂ ಇಳಿಸುತ್ತಿದ್ದಾರೆ.

"ನಂಗೆ ಸನ್ಮಾನ ಗಿನ್ಮಾನ ಬೇಡ," ಎನ್ನುತ್ತಾರೆ ಡೊರಿನ್. "ಚೀಟಿ ಬರೆಯೋ ಮುಂಚೆ, ಒಂದ್ಸಲ ಎಳೆದು ತೋರಿಸಮ್ಮ ಅಂತ ಕೇಳ್ಲಿ. ಎರಡು ನಿಮಿಷದ ಕೆಲಸ."

ಗಂಟೆ ಹೊಡೆಯುತ್ತದೆ. ಪಂಪನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟ ಮಾದಮ್ಮ ದಿಬ್ಬದ ಬುಡದಲ್ಲಿ ತಿರುಗಿ ನಿಂತು, ವರದಿಗೆ ಬಂದ ನನ್ನನ್ನು ಕೂಗುತ್ತಾರೆ.

"ಪೇಪರ್ನಾಗೆ ಒಂದ್ ಮಾತು ಬರ್ಕಳಿ. ಡಾಕ್ಟ್ರು ಹೇಳ್ದಂಗೇ ಮಾದಮ್ಮ ಕೇಳಿದ್ಲು ಅಂತ."