ಸಕ್ಕರೆ ಮಾತ್ರೆಯ ಸಂಭ್ರಮ

ತನಗೆ ಸಕ್ಕರೆ ಕಾಯಿಲೆ ಬರಲಿ ಎಂದು ಹರಕೆ ಹೊತ್ತವರನ್ನು ನೀವು ಕಂಡಿರಲಾರಿರಿ. ನಾನೂ ಹರಕೆಯವರೆಗೆ ಹೋಗಲಿಲ್ಲ, ನಿಜ. ಆದರೆ ಇಲ್ಲಿ ಕಾಶಿಯಲ್ಲಿ, ಗೋದೌಲಿಯಾ ಪೇಟೆಯ ಲ್ಯಾಬಿನ ಬೆಂಚಿನ ಮೇಲೆ ರಕ್ತ ಕೊಟ್ಟು ಕುಳಿತಿದ್ದಾಗ, ಅಕ್ಕಪಕ್ಕದವರೆಲ್ಲ ‘ಹೆಚ್ಚಿರದಿರಲಿ ಭಗವಂತಾ’ ಎಂದು ತುಟಿ ಅಲುಗಿಸುತ್ತಿದ್ದರೆ, ನಾನೊಬ್ಬ ‘ಸ್ವಲ್ಪ ಹೆಚ್ಚಿರಲಿ, ತೀರಾ ಬೇಡ, ಒಂದು ಚೂರು’ ಎಂದು ಕೇಳಿಕೊಳ್ಳುತ್ತಿದ್ದೆ. ಅರವತ್ತು ಹತ್ತಿರವಾದ ಪುರೋಹಿತ ಹೀಗೆ ಬೇಡಿಕೊಂಡದ್ದು ನೋಡಿ ದೇವರಿಗೂ ಗಲಿಬಿಲಿಯಾಗಿರಬೇಕು.

ಇದಕ್ಕೆಲ್ಲ ಕಾರಣ ಮೈಸೂರಿನಿಂದ ಬಂದಿದ್ದ ಒಬ್ಬ ನಿವೃತ್ತ ಮೇಡಂ. ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ನಮ್ಮ ಮನೆ. ಕರ್ನಾಟಕದ ಯಾತ್ರಿಕರಿಗೆ ಗಂಗಾಪೂಜೆ, ಶ್ರಾದ್ಧ ಮಾಡಿಸುವುದು ನನ್ನ ಕೆಲಸ. ಅವರಿಗೆ ಇಡ್ಲಿ ಹಾಕುವುದು ನನ್ನ ಹೆಂಡತಿ ಶಾರದೆಯ ಕೆಲಸ. ಆ ಮೇಡಂ ಇಡ್ಲಿ ಮುಗಿಸಿ ಒಂದು ಬಿಳಿ ಮಾತ್ರೆ ನುಂಗಿದವರೇ, “ಭಟ್ರೇ, ಈ ಮೆಟ್‌ಫಾರ್ಮಿನ್ ಸಕ್ಕರೆಗೆ ಮಾತ್ರ ಅಲ್ಲವಂತೆ. ಮುಪ್ಪನ್ನೂ ನಿಧಾನ ಮಾಡುತ್ತಾ ಅಂತ ವಿಜ್ಞಾನಿಗಳು ನೋಡ್ತಾ ಇದ್ದಾರಂತೆ” ಎಂದರು. ಅವರು ಹೇಳಿದ್ದರಲ್ಲಿ ಮುಪ್ಪು ನಿಧಾನವಾಗುತ್ತದೆ ಎಂಬುದನ್ನಷ್ಟೇ ನಾನು ಹಿಡಿದುಕೊಂಡೆ. ಇನ್ನೂ ನೋಡುತ್ತಿದ್ದಾರೆ ಎಂಬ ಬಾಲವನ್ನು ಅಲ್ಲೇ ಎಲೆಯ ಪಕ್ಕ ಬಿಟ್ಟೆ. ಆ ದಿನವಿಡೀ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನೀವು ನಗುತ್ತಿದ್ದೀರಿ, ಗೊತ್ತು. ಲೋಕದ ಜನ ಪ್ರಾಣ ಬಿಡಲು ಹಂಬಲಿಸುವ ಊರಿನಲ್ಲಿ ಕುಳಿತು ಇವನಿಗೆ ಆಯುಷ್ಯದ ಚಪಲವೇ ಎಂದು. ನಗಿ. ಆದರೆ ದಿನಾ ಬೆಳಗ್ಗೆ ಕಂಡಕಂಡವರಿಗೆಲ್ಲ ಆಯುಷ್ಯ, ಆರೋಗ್ಯ ಹೆಚ್ಚಲಿ ಎಂದು ಗಂಟಲು ಹರಿಯುವಂತೆ ಹೇಳುವವನಿಗೆ, ತನ್ನ ಪಾಲಿಗೂ ಒಂದಿಷ್ಟು ಇರಲಿ ಎಂದು ಒಮ್ಮೆಯಾದರೂ ಅನ್ನಿಸಬಾರದೇ? ಅಡುಗೆಯವನಿಗೂ ಹಸಿವಾಗುತ್ತದೆ.

ನಿಜವಾದ ಕಾರಣದ ಹೆಸರು ಜಾಹ್ನವಿ. ನನಗೆ ಹೆಣ್ಣು ಸಿಕ್ಕಿದ್ದು ತಡವಾಗಿ. ಕಾಶಿಯ ಪುರೋಹಿತನಿಗೆ ಅಷ್ಟು ದೂರ ಮಗಳನ್ನು ಕಳಿಸುವವರು ಯಾರು? ಮಗಳು ಹುಟ್ಟಿದ್ದು ಇನ್ನೂ ತಡವಾಗಿ. ಅವಳೀಗ ಮೂರನೇ ತರಗತಿ. ಕರೆತರಲು ಹೋದಾಗ ಶಾಲೆಯ ಗೇಟಿನವನು “ಜಾಹ್ನವೀ, ದಾದಾಜಿ ಆ ಗಯೇ!” ಎಂದು ಕೂಗುತ್ತಾನೆ. ಮೊದಮೊದಲು ಅಜ್ಜನಲ್ಲಪ್ಪಾ, ಅಪ್ಪ ಎಂದು ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ, ಅವನಿಗೂ ವಯಸ್ಸಾಗಿದೆ. ನನಗೆ ಸಾವಿನ ಭಯ ಅಷ್ಟಿಲ್ಲ. ವೃತ್ತಿಯಲ್ಲಿ ಅದು ನೆಂಟನ ಹಾಗೆ. ಹೆದರಿಕೆ ಇರುವುದು ಮೂಲೆ ಹಿಡಿಯುವುದಕ್ಕೆ. ಅವಳು ದೊಡ್ಡವಳಾಗಿ ಎಲ್ಲಿಗೋ ಹೊರಟು ನಿಂತಾಗ, ಅವಳ ಚೀಲ ಎತ್ತಿಕೊಂಡು ಸ್ಟೇಷನ್ನಿಗೆ ಹೋಗುವಷ್ಟು ಕಾಲಿನಲ್ಲಿ ಕಸುವಿರಬೇಕು. ನನ್ನಾಸೆ ಅಷ್ಟೇ, ಆದರೆ ತುಂಬಾ ಇದೆ.

ನಮ್ಮ ಹಿರಿಯರೇನು ಕಡಿಮೆ ಆಸೆಯವರೇ? ಆಯುರ್ವೇದದಲ್ಲಿ ರಸಾಯನ ಎಂಬ ಒಂದು ಭಾಗವನ್ನೇ ಇದಕ್ಕೆಂದು ಎತ್ತಿಟ್ಟಿದ್ದಾರೆ. ಗಾಳಿ ಬಿಸಿಲು ತಾಗದ ಗುಡಿಸಲು ಕಟ್ಟಿಕೊಂಡು, ತಿಂಗಳುಗಟ್ಟಲೆ ಒಳಗೇ ಕುಳಿತು, ನೆಲ್ಲಿಕಾಯಿ ತುಪ್ಪ ಜೇನು ಎಂದು ನೆಕ್ಕುತ್ತಿರಬೇಕಂತೆ. ನಮ್ಮ ಮನೆಯಲ್ಲಿ ಸ್ನಾನದ ಕೋಣೆಯ ಬಾಗಿಲನ್ನೇ ಹತ್ತು ನಿಮಿಷಕ್ಕಿಂತ ಹೆಚ್ಚು ಹಾಕಿಕೊಂಡಿರಲು ಬಿಡುವುದಿಲ್ಲ. ಅದಕ್ಕೆ ಹೋಲಿಸಿದರೆ ಒಂದು ಗುಟುಕು ನೀರಿನ ಜೊತೆ ನುಂಗುವ ಮಾತ್ರೆ ಎಷ್ಟು ಸುಲಭ!

ಡಾಕ್ಟರು ಬನಾರಸಿನವರು, ಒಳ್ಳೆಯ ಮನುಷ್ಯ. ವರದಿ ನೋಡಿ, ದನಿ ತಗ್ಗಿಸಿ, “ಪಂಡಿತ್‌ಜಿ, ಗಾಬರಿಯಾಗಬೇಡಿ. ಬಾರ್ಡರ್ ದಾಟಿದೆ” ಎಂದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಮುಖವೆಲ್ಲ ನಗು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅಳುವವರನ್ನು ಕಂಡಿದ್ದರಂತೆ, ಕುಣಿಯುವವರನ್ನು ಕಂಡಿರಲಿಲ್ಲವಂತೆ. ವಿಷಯ ಹೇಳಿದೆ. ಹೊಟ್ಟೆ ಹಿಡಿದು ನಕ್ಕು, ಆಮೇಲೆ ಗಂಭೀರವಾದರು. ಮಾತ್ರೆ ಬರೆಯುತ್ತಿರುವುದು ಸಕ್ಕರೆಗಾಗಿ, ಮೂತ್ರಪಿಂಡ ಸರಿಯಿದೆ ಎಂದು ನೋಡಿಕೊಂಡೇ. ಸಕ್ಕರೆ ಸರಿಯಿದ್ದಿದ್ದರೆ ಬರೆಯುತ್ತಲೇ ಇರಲಿಲ್ಲ. ಮುಪ್ಪಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ. ಇತ್ಯರ್ಥವಾಗಿರುವುದು ಎರಡೇ: ನಡೆಯಬೇಕು, ಸಿಹಿ ಬಿಡಬೇಕು. ನಾನು ಎಲ್ಲಕ್ಕೂ ತಲೆಯಾಡಿಸಿದೆ. ತಲೆಯೊಳಗೆ ಮಾತ್ರ ಆಗಲೇ ಚೀಲ ಹೊತ್ತು ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದೆ.

ಅದೇ ಖುಷಿಯಲ್ಲಿ ದಾರಿಯಲ್ಲಿ ಬಿಸಿ ಜಲೇಬಿ ಕಟ್ಟಿಸಿಕೊಂಡು ಮನೆಗೆ ಬಂದೆ. ಒಂದು ಕೈಯಲ್ಲಿ ಸಕ್ಕರೆಯ ವರದಿ, ಇನ್ನೊಂದರಲ್ಲಿ ಪಾಕ ಸೋರುವ ಪೊಟ್ಟಣ. ಶಾರದೆ ಎರಡನ್ನೂ ನೋಡಿ, “ರೀ, ನಿಮಗೆ ಸಕ್ಕರೆ ರಕ್ತಕ್ಕೆ ಬಂದಿದೆಯೋ ತಲೆಗೆ ಏರಿದೆಯೋ?” ಎಂದು ಪೊಟ್ಟಣ ಕಸಿದುಕೊಂಡಳು. ಆಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತಳು ಕೂಡ. ನನಗೆ ಬೇಸರವಾಯಿತು, ಜಲೇಬಿ ತಣ್ಣಗಾಯಿತಲ್ಲ ಎಂದಲ್ಲ, ಅವಳಿಗಾಗಿಯೇ.

ಮೊದಲ ವಾರ ಅಮೃತ ಹೊಟ್ಟೆಯಲ್ಲಿ ಗುಡುಗಿತು. ಘಾಟಿನಲ್ಲಿ ಹಾವೇರಿಯ ಒಂದು ಕುಟುಂಬಕ್ಕೆ ಪೂಜೆ ಮಾಡಿಸುತ್ತಿದ್ದವನು ಮಂತ್ರದ ನಡುವೆಯೇ ಎದ್ದು ಮೆಟ್ಟಿಲು ಹತ್ತಿ ಓಡಬೇಕಾಯಿತು. ಅದೂ ವಿಧಿಯೇ ಇರಬೇಕೆಂದು ಅವರೆಲ್ಲ ಕೈಯಲ್ಲಿ ಅಕ್ಷತೆ ಹಿಡಿದು ನನ್ನ ಹಿಂದೆಯೇ ಓಡಿಬಂದರು. ಮನೆ ಬಾಗಿಲಲ್ಲಿ ಶಾರದೆ ಅವರನ್ನು ತಡೆದು ನಿಲ್ಲಿಸಿದಳು.

ಹೊಟ್ಟೆ ಹೇಗೋ ಸುಧಾರಿಸಿತು. ಕಷ್ಟವಾದದ್ದು ಶ್ರಾದ್ಧದೂಟ. ಪಿತೃಗಳ ಸ್ಥಾನದಲ್ಲಿ ಕೂತವನು ಬಡಿಸಿದ್ದನ್ನು ಒಲ್ಲೆ ಎನ್ನುವಂತಿಲ್ಲ. ಕೊನೆಗೆ ಮನೆಯವರು ‘ತೃಪ್ತಿಯಾಯಿತೇ’ ಎಂದು ಕೇಳುವಾಗ ಎಲೆಯಲ್ಲಿ ಲಡ್ಡು ಹಾಗೇ ಇದ್ದರೆ ಅವರ ತಾತ ಹಸಿದು ಹೋದ ಹಾಗೆ. ಆದ್ದರಿಂದ ಆ ಮಣೆಯನ್ನು ಪಕ್ಕದ ಮನೆಯ ಗಜಾನನ ಭಟ್ಟರಿಗೆ ಬಿಟ್ಟುಕೊಟ್ಟೆ. ಅವರಿಗೆ ಎಷ್ಟೋ ವರ್ಷದಿಂದ ಸಕ್ಕರೆ ಇದೆ. ಪಾಯಸದ ಮೇಲೆ ಅದೇ ಮಾತ್ರೆ ನುಂಗಿ ನಿಶ್ಚಿಂತೆಯಿಂದ ಇದ್ದಾರೆ. ನನ್ನ ಉತ್ಸಾಹ ಕೇಳಿ, “ಅದು ಪ್ರಾಯ ಹಿಂದೆ ತಿರುಗಿಸೋದೇ ಹೌದಾದ್ರೆ ನಾನು ಇಷ್ಟೊತ್ತಿಗೆ ತೊಟ್ಟಿಲಲ್ಲಿ ಇರ್ಬೇಕಿತ್ತಲ್ಲ ಮಾರಾಯಾ” ಎಂದರು.

ಕಾಶಿಗೆ ಬಂದವರು ಇಷ್ಟವಾದ ಒಂದು ತಿನಿಸನ್ನು ಇಲ್ಲೇ ಬಿಟ್ಟು ಹೋಗುವ ಪದ್ಧತಿ ನಿಮಗೆ ಗೊತ್ತೇ ಇದೆ. ಅಂಗೈಗೆ ನೀರು ಹಾಕಿ ಅದನ್ನು ಬಿಡಿಸುವವನು ನಾನು. ನಮ್ಮವರು ಜಾಣರು, ಬಹಳ ಜನ ಬಿಡುವುದು ಹಾಗಲಕಾಯಿಯನ್ನು. ಹಲ್ಲಿಲ್ಲದ ಒಬ್ಬರು ಕಬ್ಬು ಬಿಟ್ಟರು. ಊರಿನವರಾದ ನಮಗೆ ಈ ತೊಂದರೆಯೇ ಇಲ್ಲ, ನಾವು ಎಲ್ಲೂ ಹೋಗದವರು, ಏನೂ ಬಿಡದವರು. ಆದರೆ ಶಾರದೆ ಮಗಳ ಕಿವಿಯಲ್ಲಿ ಏನು ಊದಿದ್ದಳೋ, ಮೊನ್ನೆ ಭಾನುವಾರ ಬೆಳಗ್ಗೆ ಜಾಹ್ನವಿ ಘಾಟಿನ ನನ್ನ ಛತ್ರಿಯ ಕೆಳಗೆ, ನನ್ನ ಮಣೆಯ ಮೇಲೆ, ತಂಬಿಗೆ ಹಿಡಿದು ಕೂತಿದ್ದಳು.

“ಅಪ್ಪಾ, ಬೈಠ್ ಜಾ. ಕೈ ಮುಂದೆ ಮಾಡು. ಏನು ಬಿಡ್ತೀಯಾ?”

“ಜಲೇಬಿ.”

“ಔರ್?”

“ಲಡ್ಡು. ಪಾಯಸ.” ದನಿ ಇಳಿಯಿತು. ಅವಳು ಬಿಡುವ ಪೈಕಿಯಲ್ಲ.

“ಯಾಕೆ ಬಿಡ್ತೀಯಾ? ಅದೂ ಬೋಲ್ನಾ ಪಡೇಗಾ.”

ಹೌದು, ಫಲ ಯಾವುದೆಂದು ಹೇಳದೆ ಸಂಕಲ್ಪವಿಲ್ಲ. ಡಾಕ್ಟರಿಗೂ ಶಾರದೆಗೂ ಏನೇನೋ ಹೇಳಿದ್ದೆ. ಇವಳಿಗೆ ಮಾತ್ರ ಹೇಳಿರಲಿಲ್ಲ. ಅವಳು ಸುರಿದ ನೀರನ್ನು ಅಂಗೈಯಲ್ಲಿ ಹಿಡಿದುಕೊಂಡು, “ನಿನ್ನ ಜೊತೆ ತುಂಬಾ ದಿನ ಇರೋದಕ್ಕೆ, ಪುಟ್ಟಾ” ಎಂದೆ.

“ತುಂಬಾ ದಿನ ಅಂದ್ರೆ ಎಷ್ಟು? ಸಾಫ್ ಸಾಫ್ ಹೇಳು.” ತಾನೇ ಒಂದು ಕ್ಷಣ ಯೋಚಿಸಿ ಇತ್ಯರ್ಥ ಮಾಡಿದಳು. “ನಾನು ಬುಡ್ಢಿ ಆಗೋವರೆಗೂ ಅಂತ ಹೇಳು.”

ಅವಳು ಮುದುಕಿಯಾಗುವ ಹೊತ್ತಿಗೆ ನನಗೆಷ್ಟಾಗಿರುತ್ತದೆ ಎಂದು ಲೆಕ್ಕ ಹಾಕಿದರೆ ಮಾತ್ರೆ, ನಡಿಗೆ, ಮನೆದೇವರು ಮೂವರೂ ಒಟ್ಟಿಗೇ ಕೈ ಚೆಲ್ಲುತ್ತಾರೆ. ವಿಜ್ಞಾನಿಗಳು ನೋಡುತ್ತಿದ್ದಾರೆ, ನೋಡಲಿ. ಅಷ್ಟು ದಿನ ನಾನು ಬೇಕು ಎಂದು ಒಬ್ಬಳು ಕೇಳಿದ್ದಾಳೆ. ಅವಳು ಮನಸ್ಸು ಬದಲಿಸುವ ಮೊದಲೇ ಅಂಗೈ ಬಗ್ಗಿಸಿ ನೀರು ಬಿಟ್ಟುಬಿಟ್ಟೆ.